ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂದಿನ ಬಾಲ್ ಜಾಯಿಂಟ್: ಎಲ್ಲಿ ಹುಡುಕಬೇಕು, ಹೇಗೆ ಹಾಕಬೇಕು

ಪ್ರಶ್ನೆ: ನಮ್ಮಲ್ಲಿ 1969ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ತಂದೆಯವರು ಓಡಿಸುತ್ತಿದ್ದ ಕಾರು. ಈಗ ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು ಬರುತ್ತಿದೆ. ಮೇಲಿನ ಬಾಲ್ ಜಾಯಿಂಟ್ (ಚಕ್ರದ ಕಡೆಯನ್ನು ಸಸ್ಪೆನ್ಷನ್ ತೋಳಿಗೆ ಜೋಡಿಸುವ ಕೀಲು) ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ, ಎಲ್ಲರೂ ಇಲ್ಲ ಅಂದರು. ಹಳೆಯದನ್ನೇ ಬಿಚ್ಚಿ ವೆಲ್ಡ್ ಮಾಡಿ ಕೊಡುತ್ತೇನೆ, ಇಲ್ಲವೇ ಬೇರೆ ಕಾರಿನದ್ದು ಕೂರಿಸುತ್ತೇನೆ ಅನ್ನುತ್ತಾರೆ ಮೆಕ್ಯಾನಿಕ್. ಇದರಲ್ಲಿ ಯಾವುದು ವಾಸಿ? (ಹಾಸನದ ಓದುಗರೊಬ್ಬರು)

ಉತ್ತರ: ಎರಡೂ ಬೇಡ. ನಿಮ್ಮ ಕಾರಿಗೆ ಸರಿಯಾಗಿ ಕೂರುವ ಹೊಸ ಬಾಲ್ ಜಾಯಿಂಟ್ ಈಗಲೂ ಸಿಗುತ್ತದೆ. ನೀವು ಕೇಳುತ್ತಿರುವ ಹೆಸರು ಮತ್ತು ಜಾಗ ಬದಲಾಗಬೇಕು, ಅಷ್ಟೇ.

ಅಂಗಡಿಯವರು ಇಲ್ಲ ಅಂದದ್ದರಲ್ಲಿ ತಪ್ಪೇನಿಲ್ಲ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಹೆರಾಲ್ಡ್ ತಯಾರಿಸಿದ್ದು 1961ರಿಂದ 1971ರವರೆಗೆ. ಆಮೇಲೆ ಗೆಝೆಲ್ ಬಂತು, ಅದೂ 1977ಕ್ಕೆ ನಿಂತಿತು. ಕೊನೆಗೆ ಸ್ಟ್ಯಾಂಡರ್ಡ್ 2000 ಬಂದು 1988ರಲ್ಲಿ ಅದೂ ಮುಗಿಯಿತು. ಅಂದ ಮೇಲೆ ಹೆರಾಲ್ಡ್ ಹೆಸರಿನ ಡಬ್ಬಿ ಈಗ ಅಂಗಡಿಯ ಕಪಾಟಿನಲ್ಲಿ ಉಳಿದಿರುವುದು ಕಷ್ಟವೇ.

ಆದರೆ ಹೆರಾಲ್ಡ್ ಹುಟ್ಟಿದ್ದು ಮದ್ರಾಸಿನಲ್ಲಿ ಅಲ್ಲ. ಅದು 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್. ಆ ಕಾರಿನ ಮುಂದಿನ ಸಸ್ಪೆನ್ಷನ್ ಎಷ್ಟು ಚೆನ್ನಾಗಿತ್ತು ಅಂದರೆ, ಟ್ರಯಂಫ್‌ನವರು ಅದನ್ನೇ ಇಟ್ಟುಕೊಂಡು ವಿಟೆಸ್, ಸ್ಪಿಟ್‌ಫೈರ್, ಜಿಟಿ6 ಎಲ್ಲವನ್ನೂ ಮಾಡಿದರು. ಸ್ಪಿಟ್‌ಫೈರ್ 1962ರಿಂದ 1980ರವರೆಗೆ ತಯಾರಾಯಿತು. ಲೋಟಸ್ ಕಂಪನಿಯ ಎಲಾನ್ ಕಾರಿಗೂ ಈ ಟ್ರಯಂಫ್ ಬಳಗದ ಮುಂದಿನ ಭಾಗಗಳೇ ಹೋದವು. ಈ ಸ್ಪೋರ್ಟ್ಸ್ ಕಾರುಗಳನ್ನು ಇವತ್ತಿಗೂ ಪ್ರೀತಿಯಿಂದ ಓಡಿಸುವವರು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ಬಿಡಿಭಾಗ ತಯಾರಾಗುತ್ತಲೇ ಇದೆ. ನಿಮ್ಮ ಹಾಸನದ ಹೆರಾಲ್ಡ್‌ಗೂ ಅದೇ ಆಗುತ್ತದೆ. ಇನ್ನು ಮುಂದೆ ಯಾರನ್ನೇ ಕೇಳಿ, "ಟ್ರಯಂಫ್ ಸ್ಪಿಟ್‌ಫೈರ್ ಅಪ್ಪರ್ ಬಾಲ್ ಜಾಯಿಂಟ್" ಅಂತಲೇ ಕೇಳಿ.

ಕೊಳ್ಳುವ ಮುಂಚೆ, ಹೋಗಿರುವುದು ಬಾಲ್ ಜಾಯಿಂಟೇ ಅಂತ ಖಚಿತ ಮಾಡಿಕೊಳ್ಳಿ. ಮುಂದಿನ ಟಕ್ ಟಕ್ ಸದ್ದಿಗೆ ಬೇರೆ ಕಾರಣಗಳೂ ಇರುತ್ತವೆ: ಶಾಕ್ ಅಬ್ಸಾರ್ಬರ್ ಕೆಳಗಿನ ಬುಷ್, ವಿಶ್‌ಬೋನ್ (ಚಾಸಿಯಿಂದ ಚಕ್ರದ ಕಡೆಗೆ ಚಾಚಿದ ಸಸ್ಪೆನ್ಷನ್ ತೋಳು) ಬುಷ್, ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು), ವೀಲ್ ಬೇರಿಂಗ್. ಹೆರಾಲ್ಡ್‌ನಲ್ಲಿ ಒಂದು ಅನುಕೂಲ ಇದೆ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಸಸ್ಪೆನ್ಷನ್ ಎಲ್ಲಾ ಕಣ್ಣೆದುರಿಗೇ ಇರುತ್ತದೆ. ಕಾರನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರ ನೇತಾಡಲಿ. ಒಬ್ಬರು ಚಕ್ರದ ತಲೆ ಮತ್ತು ಬುಡ ಹಿಡಿದು ಒಳಗೆ ಹೊರಗೆ ಅಲುಗಿಸಲಿ. ಇನ್ನೊಬ್ಬರು ಬಾನೆಟ್ ಕಡೆಯಿಂದ ಜಾಯಿಂಟನ್ನೇ ನೋಡಲಿ, ಬೆರಳಿಟ್ಟು ಮುಟ್ಟಿಯೂ ನೋಡಲಿ. ಆಮೇಲೆ ಮೂರನೆಯವರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಮೇಲ್ಗಡೆ ಆಟ ಉಳಿದರೆ ಬಾಲ್ ಜಾಯಿಂಟ್. ಕೆಳಗಡೆ ಉಳಿದರೆ ಟ್ರನಿಯನ್, ಅಂದರೆ ಚಕ್ರದ ಕಡೆಯ ಕೆಳಗಿನ ಕೀಲು. ಈ ಟ್ರನಿಯನ್ ಬಗ್ಗೆ ಮುಂದೆ ಜಾಸ್ತಿ ಹೇಳುವುದಿದೆ, ದಯವಿಟ್ಟು ಅದನ್ನು ಓದದೆ ಕೆಲಸ ಶುರು ಮಾಡಬೇಡಿ.

ಈಗ ಕೊಳ್ಳುವ ವಿಷಯ. ಇಂಗ್ಲೆಂಡಿನಲ್ಲಿ ಹಳೆಯ ಟ್ರಯಂಫ್ ಬಿಡಿಭಾಗಗಳನ್ನೇ ಮಾರುವ ಅಂಗಡಿಗಳಿವೆ, ಇಲ್ಲಿಗೂ ಕೊರಿಯರ್ ಮಾಡುತ್ತವೆ. ಹೆರಾಲ್ಡ್, ವಿಟೆಸ್, ಸ್ಪಿಟ್‌ಫೈರ್ ಬಳಗಕ್ಕೆಂದೇ ಅಲ್ಲಿ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಇದೆ, ಯಾವ ತಯಾರಿಕೆ ಚೆನ್ನಾಗಿದೆ ಅನ್ನುವುದು ಅಲ್ಲಿನ ಸದಸ್ಯರಿಗೆ ಗೊತ್ತಿರುತ್ತದೆ. ಕೊರಿಯರ್‌ನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರುತ್ತದೆ. ಬಿಲ್ಲಿನಲ್ಲಿ ಮೋಟಾರು ವಾಹನದ ಸಸ್ಪೆನ್ಷನ್ ಭಾಗ, ಎಚ್‌ಎಸ್ ಸಂಖ್ಯೆ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ) 8708.80 ಎಂದು ಸ್ಪಷ್ಟವಾಗಿ ಬರೆಯಿಸಿ, ತಕರಾರು ಕಮ್ಮಿ. ನಿಮ್ಮ ಕಡೆಯವರು ಯಾರಾದರೂ ಅಲ್ಲಿದ್ದು ಊರಿಗೆ ಬರುವವರಿದ್ದರೆ ಇನ್ನೂ ಸುಲಭ. ಒಂದು ಜೊತೆ ಬಾಲ್ ಜಾಯಿಂಟ್ ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. ಚೆಕ್-ಇನ್ ಬ್ಯಾಗಿನಲ್ಲಿ ಇಡಲು ಹೇಳಿ. ಒಂದೇ ಕಡೆಯದು ಹೋಗಿದ್ದರೂ ಎರಡು ತರಿಸಿ, ಜೊತೆಗೆ ಎರಡು ರಬ್ಬರ್ ಬೂಟ್ (ಜಾಯಿಂಟ್ ಒಳಗೆ ನೀರು, ಧೂಳು ಹೋಗದಂತೆ ತಡೆಯುವ ಹೊದಿಕೆ) ಹೆಚ್ಚಿಗೆ ತರಿಸಿ. ಇಷ್ಟು ವರ್ಷದ ಕಾರಿನಲ್ಲಿ ಬಲಗಡೆಯದೂ ಬಹಳ ದಿನ ಬಾಳುವುದಿಲ್ಲ.

ಊರಲ್ಲೇ ಹುಡುಕುವ ಆಸೆ ಇದ್ದರೆ ಬೆಂಗಳೂರಿಗಿಂತ ಚೆನ್ನೈ ವಾಸಿ, ಕಾರು ಅಲ್ಲಿಯದು ಅಲ್ವಾ. ಜನರಲ್ ಪ್ಯಾಟರ್ಸ್ ರಸ್ತೆಯ ಹಳೆಯ ಅಂಗಡಿಗಳಲ್ಲೂ ಪುದುಪೇಟೆಯ ಗುಜರಿ ಸಾಲಿನಲ್ಲೂ ಒಮ್ಮೆ ಕೇಳಿ ನೋಡಬಹುದು. ಹಳೆಯ ಸ್ಟಾಕ್ ಸಿಕ್ಕರೆ ಖುಷಿಯಿಂದ ಎತ್ತಿಕೊಂಡು ಬರುವ ಮುಂಚೆ ಬೂಟ್ ಒತ್ತಿ ನೋಡಿ. ನಲವತ್ತು ಐವತ್ತು ವರ್ಷ ಡಬ್ಬಿಯಲ್ಲಿ ಕೂತ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಒಳಗಿನ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಪಿನ್ ಹಿಡಿದು ಸುತ್ತಲೂ ತಿರುಗಿಸಿ. ಬಿಗಿಯಾಗಿ ಆದರೆ ನಯವಾಗಿ ತಿರುಗಬೇಕು. ಎಲ್ಲಾದರೂ ಕಚ್ಚಿದರೆ, ಇಲ್ಲವೇ ಒಂದೇ ಜಾಗದಲ್ಲಿ ಸಡಿಲ ಅನಿಸಿದರೆ ಬಿಟ್ಟುಬಿಡಿ. ಪಿನ್ ಮೇಲೆ ತುಕ್ಕಿನ ಸಣ್ಣ ಗುಂಡಿ ಕಂಡರೂ ಬೇಡ. ಬಿರುಕು ಅಂಥ ಗುಂಡಿಯಿಂದಲೇ ಶುರುವಾಗುತ್ತದೆ.

ಇನ್ನು ವೆಲ್ಡಿಂಗ್ ಏಕೆ ಬೇಡ ಅನ್ನುವುದು. ಬಾಲ್ ಜಾಯಿಂಟ್ ಒಳಗೆ ಗುಂಡು ತಲೆಯ ಪಿನ್ ಇರುತ್ತದೆ, ಅದನ್ನು ಹಿಡಿದ ಬಟ್ಟಲಿನಂಥ ಸೀಟ್ ಇರುತ್ತದೆ. ಆಟ ಬರುವುದು ಇವೆರಡೂ ಸವೆದಾಗ. ಮೇಲೆ ಕತ್ತರಿಸಿ, ಒಳಗೆ ವಾಷರ್ ತುಂಬಿ, ಮುಚ್ಚಳ ವೆಲ್ಡ್ ಮಾಡಿದರೆ ಆಟ ಅವತ್ತಿಗೆ ನಿಲ್ಲುತ್ತದೆ, ನಿಜ. ಆದರೆ ಸವೆದ ಗುಂಡು ಪೂರ್ತಿ ದುಂಡಗೆ ಇರುವುದಿಲ್ಲ. ನೇರ ಹೋಗುವಾಗ ಸರಿ ಇದ್ದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದು ಕಚ್ಚಿಕೊಳ್ಳುತ್ತದೆ. ಕಚ್ಚಿದ ಗುಂಡು ಪಿನ್ನನ್ನು ಬಗ್ಗಿಸಲು ನೋಡುತ್ತದೆ. ಅದರ ಮೇಲೆ ವೆಲ್ಡಿಂಗ್ ಬಿಸಿ. ಗಟ್ಟಿ ಮಾಡಿದ ಉಕ್ಕಿನ ಪಿನ್ ಬಿಸಿಗೆ ತನ್ನ ಹದ ಕಳೆದುಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಸೀಟ್ ಕರಗುತ್ತದೆ. ಪಿನ್ ಮುರಿದರೆ ಚಕ್ರದ ತಲೆಗೆ ಹಿಡಿತವೇ ಇರುವುದಿಲ್ಲ, ಸ್ಟೀರಿಂಗ್ ಕೈಯಲ್ಲಿದ್ದೂ ಏನೂ ಮಾಡಲಾಗದು. ಶಿರಾಡಿ ಘಾಟಿಯಲ್ಲಿ ಇಳಿಯುವ ಕಾರು ಇದು. ಬೇಡ ಅನ್ನುವುದಕ್ಕೆ ಇನ್ನೇನು ಕಾರಣ ಬೇಕು?

ಬೇರೆ ಕಾರಿನ ಜಾಯಿಂಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ "ಕೂತಿತು ಅಂದಮೇಲೆ ಸರಿ ಇದೆ" ಅನ್ನುವ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಇದೆ. ಬಾಲ್ ಜಾಯಿಂಟ್ ಪಿನ್ ನೇರ ಕಂಬವಲ್ಲ, ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ. ಸೀಸೆಯ ಬಾಯಿಗೆ ಬಿರಡೆ ಕೂತ ಹಾಗೆ ಅದು ಚಕ್ರ ಹಿಡಿದಿರುವ ವರ್ಟಿಕಲ್ ಲಿಂಕ್‌ನ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಈ ಇಳಿಜಾರನ್ನು ಟೇಪರ್ ಅನ್ನುತ್ತಾರೆ. ಇದು ಕಾರಿನಿಂದ ಕಾರಿಗೆ ಬೇರೆ. 1:8 ಟೇಪರ್ ಅಂದರೆ ಒಟ್ಟು ಕೋನ ಸುಮಾರು 7.15 ಡಿಗ್ರಿ, 1:10 ಅಂದರೆ ಸುಮಾರು 5.7 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದರ ತೂತಿಗೆ ಇನ್ನೊಂದರ ಪಿನ್ ತುರುಕಿ ನಟ್ ಬಿಗಿದರೆ ಬಿಗಿಯಾಗಿಯೇ ಕೂರುತ್ತದೆ. ಆದರೆ ಹಿಡಿದಿರುವುದು ಒಂದು ಉಂಗುರದಷ್ಟು ಜಾಗ ಮಾತ್ರ. ಉಳಿದ ಕಡೆ ಖಾಲಿ. ರಸ್ತೆಯ ಪ್ರತಿ ಗುಂಡಿಗೂ ಪಿನ್ ಒಳಗೇ ಅಲ್ಲಾಡುತ್ತದೆ, ತೂತು ಅಂಡಾಕಾರವಾಗುತ್ತದೆ, ಒಂದು ದಿನ ಪಿನ್ ಮುರಿಯುತ್ತದೆ. ಆಗ ಬಾಲ್ ಜಾಯಿಂಟ್ ಜೊತೆಗೆ ವರ್ಟಿಕಲ್ ಲಿಂಕ್ ಕೂಡ ಹೋಯಿತು.

ಟೇಪರ್ ಸರಿ ಇದ್ದರೂ ಮುಗಿಯುವುದಿಲ್ಲ. ಪಿನ್ ಜಾಸ್ತಿ ಒಳಗೆ ಹೋದರೆ ನಟ್ ಥ್ರೆಡ್‌ನ ಕೊನೆಗೆ ತಾಗಿ ನಿಲ್ಲುತ್ತದೆ, ಕೈಗೆ ಬಿಗಿ ಅನಿಸಿದರೂ ಟೇಪರ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಕಮ್ಮಿ ಹೋದರೆ ನಟ್‌ಗೆ ಪೂರ್ತಿ ಥ್ರೆಡ್ ಸಿಗುವುದಿಲ್ಲ. ಗುಂಡಿನ ನಡುಮಧ್ಯ ಮೊದಲಿಗಿಂತ ಮೇಲೆ ಕೆಳಗೆ ಆದರೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ. ಪಿನ್ ಎಷ್ಟು ಕೋನದವರೆಗೆ ಓಲಾಡಬಲ್ಲದು ಅನ್ನುವುದೂ ಒಂದೊಂದಕ್ಕೆ ಒಂದೊಂದು ಥರ. ಕಮ್ಮಿ ಓಲಾಡುವ ಜಾಯಿಂಟ್ ಹಾಕಿದರೆ ಚಕ್ರ ಪೂರ್ತಿ ಕೆಳಗಿಳಿದಾಗ ಪಿನ್‌ನ ಕುತ್ತಿಗೆ ಬಟ್ಟಲಿನ ಅಂಚಿಗೆ ಹೊಡೆಯುತ್ತದೆ. ಇಷ್ಟನ್ನೂ ಅಳೆದು ನೋಡಿ ಹಾಕುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಎಲ್ಲೂ ಏನೂ ಸಿಗದ ಕಾರಿಗೆ ಅದು ಕೊನೆಯ ದಾರಿ. ಸರಿಯಾದ ಭಾಗ ಸಿಗುವ ಹೆರಾಲ್ಡ್‌ಗೆ ಆ ಸಾಹಸ ಸುಮ್ನೆ ಯಾಕೆ?

ಹೊಸದು ಬಂದಾಗಲೂ ಟೇಪರ್ ನೋಡಿಯೇ ಹಾಕಿ. ಲಿಂಕ್‌ನ ತೂತನ್ನು ಪೆಟ್ರೋಲ್‌ನಲ್ಲಿ ಒರೆಸಿ ಒಣಗಿಸಿ. ಪಿನ್ ಮೇಲೆ ಉದ್ದಕ್ಕೆ ಮೂರು ನಾಲ್ಕು ಮಾರ್ಕರ್ ಗೆರೆ ಎಳೆಯಿರಿ, ಇಲ್ಲವೇ ಫಿಟ್ಟರ್‌ಗಳು ಬಳಸುವ ನೀಲಿ ಬಣ್ಣ ತೆಳ್ಳಗೆ ಸವರಿ. ಕೈಯಲ್ಲೇ ಒತ್ತಿ, ಸ್ವಲ್ಪ ತಿರುಗಿಸಿ, ಹೊರಗೆ ತೆಗೆಯಿರಿ. ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಅಳಿಸಿದ್ದರೆ ಟೇಪರ್ ಕೂಡಿದೆ. ಒಂದು ತುದಿಯಲ್ಲಿ ಮಾತ್ರ ಅಳಿಸಿದ್ದರೆ ತಪ್ಪು ಜಾಯಿಂಟ್ ಬಂದಿದೆ, ಅಥವಾ ತೂತು ಸವೆದಿದೆ. ಸವೆದ ತೂತಿಗೆ ತಗಡು ಸುತ್ತಿ ಪಿನ್ ಕೂರಿಸುವುದನ್ನು ನೋಡಿದ್ದೇನೆ. ದಯವಿಟ್ಟು ಯಾರಿಗೂ ಅದನ್ನು ಮಾಡಲು ಬಿಡಬೇಡಿ. ಲಿಂಕ್ ಬದಲಿಸಬೇಕು.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ತೆಗೆಯಿರಿ, ಕೆಳಗಿನ ವಿಶ್‌ಬೋನ್‌ಗೆ ಇನ್ನೊಂದು ಜಾಕ್ ಹಗುರವಾಗಿ ತಾಗಿಸಿ ಇಡಿ. ಹೆರಾಲ್ಡ್‌ನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಿಯಾಗಿ ಕೆಳಗಿನ ವಿಶ್‌ಬೋನ್ ಮೇಲೆ ಕೂತಿವೆ. ಹಾಗಾಗಿ ಕಾರಿನ ಭಾರ ಮೇಲಿನ ಬಾಲ್ ಜಾಯಿಂಟ್ ಮೇಲೆ ಬೀಳುವುದಿಲ್ಲ. ಅದನ್ನು ಬಿಚ್ಚಲು ಸ್ಪ್ರಿಂಗ್ ಮುಟ್ಟುವುದೇ ಬೇಕಿಲ್ಲ. ಶಾಕ್ ಅಬ್ಸಾರ್ಬರ್ ತಲೆಯ ನಡುವಿನ ನಟ್‌ಗೆ ಮಾತ್ರ ಯಾರೂ ಕೈ ಹಾಕಬಾರದು. ಒತ್ತಿ ಹಿಡಿದ ಸ್ಪ್ರಿಂಗ್ ಅದರ ಕೆಳಗಿದೆ, ಬಿಚ್ಚಿದರೆ ಗುಂಡಿನಂತೆ ಹಾರುತ್ತದೆ.

ಪಿನ್‌ನ ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ. ಟೇಪರ್ ಬಿಟ್ಟಾಗ ಲಿಂಕ್ ಧಡ್ ಅಂತ ಬೀಳದಿರಲಿ. ಬಿಡಿಸಲು ಬಾಲ್ ಜಾಯಿಂಟ್ ಪುಲ್ಲರ್ ಬಳಸಿ. ಅದಿಲ್ಲದಿದ್ದರೆ ಲಿಂಕ್‌ನ ತೂತಿರುವ ತಲೆಗೆ ಒಂದು ಕಡೆ ಭಾರದ ಸುತ್ತಿಗೆ ಆನಿಸಿ, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಎರಡು ಏಟು ಕೊಡಿ. ಟೇಪರ್ ಟಪ್ ಅಂತ ಬಿಡುತ್ತದೆ. ಪಿನ್‌ನ ತುದಿಗೆ ಹೊಡೆಯಬೇಡಿ, ಗ್ಯಾಸ್ ಟಾರ್ಚ್ ತರಬೇಡಿ. ಬಿಟ್ಟ ಮೇಲೆ ಲಿಂಕನ್ನು ತಂತಿಯಿಂದ ಚಾಸಿಗೆ ಕಟ್ಟಿ. ಇಲ್ಲದಿದ್ದರೆ ಅದರ ಭಾರವೆಲ್ಲ ಬ್ರೇಕ್ ಹೋಸ್ ಮೇಲೆ ಬೀಳುತ್ತದೆ. ಆಮೇಲೆ ಜಾಯಿಂಟನ್ನು ಮೇಲಿನ ತೋಳುಗಳಿಗೆ ಹಿಡಿದಿರುವ ಎರಡು ಬೋಲ್ಟ್ ತೆಗೆದರೆ ಹಳೆಯದು ಕೈಗೆ ಬರುತ್ತದೆ.

ಬೋಲ್ಟ್ ವಿಷಯಕ್ಕೆ ಬಂದರೆ, ಈ ಕಾರಿನಲ್ಲಿ ಇರುವುದು ಇಂಚಿನ ಯುಎನ್‌ಎಫ್ ಥ್ರೆಡ್, ಮೆಟ್ರಿಕ್ ಅಲ್ಲ. 5/16 ಯುಎನ್‌ಎಫ್ ಬೋಲ್ಟ್ 7.94 ಮಿ.ಮೀ. ದಪ್ಪ, ಇಂಚಿಗೆ 24 ಥ್ರೆಡ್. 8 ಎಂಎಂ ಬೋಲ್ಟ್ ಪಕ್ಕದಲ್ಲಿಟ್ಟರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಪಾನಾ ಹಾಕಿ ಒತ್ತಿದರೆ ಥ್ರೆಡ್ ಕಿತ್ತುಕೊಂಡು ಹೋಗುತ್ತದೆ. ಬೋಲ್ಟ್ ಅಂಗಡಿಯಲ್ಲಿ ಯುಎನ್‌ಎಫ್ ಹೈಟೆನ್ಸೈಲ್ ಎಂದೇ ಕೇಳಿ. ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಎಲ್ಲವೂ ಹೊಸದೇ ಇರಲಿ.

ಹೊಸದನ್ನು ಕೂರಿಸುವಾಗ ಟೇಪರ್ ಒಣಗಿಯೇ ಇರಬೇಕು. ಗ್ರೀಸ್, ಎಣ್ಣೆ ಏನೂ ಬೇಡ. ನಟ್ ಬಿಗಿಯುವಾಗ ಪಿನ್ನೇ ಸುತ್ತತೊಡಗಿದರೆ ಮೇಲಿನಿಂದ ಜಾಯಿಂಟನ್ನು ಒತ್ತಿ ಹಿಡಿಯಿರಿ, ಟೇಪರ್ ಕಚ್ಚುತ್ತದೆ. ಟಾರ್ಕ್ ರೆಂಚ್ (ಎಷ್ಟು ಬಿಗಿದಿದ್ದೇವೆ ಎಂದು ಅಳೆಯುವ ಪಾನಾ) ಬಳಸಿ, ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿದೆ. ಗಾಳಿಯ ಇಂಪ್ಯಾಕ್ಟ್ ಗನ್ ಇಲ್ಲಿ ಬೇಡ. ಗ್ರೀಸ್ ನಿಪ್ಪಲ್ ಇರುವ ಜಾಯಿಂಟ್ ಆದರೆ ಬೂಟ್ ಸ್ವಲ್ಪ ಉಬ್ಬುವವರೆಗೆ ಮಾತ್ರ ಗ್ರೀಸ್ ಕೊಡಿ. ಬೂಟ್ ಹರಿಯುವಷ್ಟು ತುಂಬಿದರೆ ಹೊಸ ಜಾಯಿಂಟ್‌ಗೆ ಮೊದಲ ಮಳೆಗೇ ನೀರು ಹೋಗುತ್ತದೆ.

ಈಗ ಟ್ರನಿಯನ್. ನೀವು ಇದನ್ನು ಕೇಳಲಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ಹೆರಾಲ್ಡ್‌ನಲ್ಲಿ ನನಗೆ ಅತಿ ಭಯ ಇರುವ ಭಾಗ ಇದು. ಈ ಕಾರಿನಲ್ಲಿ ಬಾಲ್ ಜಾಯಿಂಟ್ ಇರುವುದು ಮೇಲೆ ಮಾತ್ರ. ಕೆಳಗೆ ಇರುವುದು ಕಂಚಿನ ಒಂದು ಗಟ್ಟಿ. ವರ್ಟಿಕಲ್ ಲಿಂಕ್‌ನ ಬುಡದಲ್ಲಿ ಥ್ರೆಡ್ ಇದೆ, ಅದು ಆ ಕಂಚಿನೊಳಗೆ ತಿರುಪಿಕೊಂಡಿದೆ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಥ್ರೆಡ್ ಕಂಚಿನೊಳಗೆ ತಿರುಗುತ್ತದೆ. ಸ್ಪ್ರಿಂಗ್ ಭಾರ ಬರುವುದೂ ಈ ದಾರಿಯಲ್ಲೇ. ತಯಾರಕರು ಇದಕ್ಕೆ ಹೇಳಿದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಅಲ್ಲ, ಎಣ್ಣೆ. ನಮ್ಮ ಕಡೆ ಸರ್ವೀಸ್ ಮಾಡುವವರು ನಿಪ್ಪಲ್ ಕಂಡ ಕಡೆಯೆಲ್ಲ ಗ್ರೀಸ್ ಗನ್ ಇಡುತ್ತಾರೆ. ಗ್ರೀಸ್ ಥ್ರೆಡ್‌ಗಳ ನಡುವೆ ಸರಿಯಾಗಿ ಇಳಿಯುವುದಿಲ್ಲ, ಒಣಗಿ ದಾರಿ ಮುಚ್ಚುತ್ತದೆ. ಆಮೇಲೆ ನೀರು ಸೇರುತ್ತದೆ, ತುಕ್ಕು ಹಿಡಿಯುತ್ತದೆ, ತಿರುಗಣೆ ಬಿಗಿಯಾಗುತ್ತದೆ. ಕೊನೆಗೆ ಲಿಂಕ್ ತನ್ನ ಥ್ರೆಡ್ ಇರುವ ಜಾಗದಲ್ಲೇ ಮುರಿಯುತ್ತದೆ. ಹೆಚ್ಚಾಗಿ ಇದು ನಿಧಾನ ವೇಗದಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಆಗುತ್ತದೆ. ಹಾಗೆ ಆದರೆ ಪುಣ್ಯ. ಹೆದ್ದಾರಿಯಲ್ಲಿ ಆಗಬಾರದು.

ಅದಕ್ಕೇ ಬಾಲ್ ಜಾಯಿಂಟ್ ಬಿಚ್ಚಿದ ದಿನವೇ ಟ್ರನಿಯನ್ ಕೂಡ ಬಿಚ್ಚಿಸಿ, ಅರ್ಧ ಕೆಲಸ ಆಗಲೇ ಆಗಿರುತ್ತದೆ. ಒಂದು ಎಚ್ಚರಿಕೆ: ಬಲಗಡೆಯದು ಮಾಮೂಲಿ ಥ್ರೆಡ್, ಎಡಗಡೆಯದು ಉಲ್ಟಾ ಥ್ರೆಡ್. ಸದ್ದು ಬರುತ್ತಿರುವುದು ಎಡಗಡೆ ಅಂದಿರಿ. ಅಲ್ಲಿ ಮಾಮೂಲಿ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವ ಬದಲು ಬಿಗಿಯುತ್ತದೆ. ಟ್ರನಿಯನ್ ತರಿಸುವುದಾದರೂ ಎಡ ಬಲ ಹೇಳಿಯೇ ತರಿಸಬೇಕು. ಇದನ್ನು ಹೆರಾಲ್ಡ್‌ನದ್ದೇ ಕೇಳಿ. ವಿಟೆಸ್, ಜಿಟಿ6 ಭಾರದ ಕಾರುಗಳು, ಅವುಗಳ ಲಿಂಕ್, ಟ್ರನಿಯನ್ ಬೇರೆ. ಹೊರಗೆ ಬಂದ ಲಿಂಕ್‌ನ ಥ್ರೆಡ್ ಭಾಗ ತೊಳೆದು ನೋಡಿ. ತುಕ್ಕಿನ ಗುಂಡಿ, ಮೆಟ್ಟಿಲಿನಂಥ ಸವೆತ ಇದ್ದರೆ ಅದು ಮುಗಿಯಿತು ಅಂತಲೇ ಲೆಕ್ಕ. ಚೆನ್ನಾಗಿ ಕಂಡರೂ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ. ಕೆಂಪು ಬಣ್ಣ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಏಳುತ್ತದೆ. ಇದಕ್ಕೆ ಮೂರು ಸ್ಪ್ರೇ ಡಬ್ಬಿಗಳ ಕಿಟ್ ಸಿಗುತ್ತದೆ, ವೆಲ್ಡಿಂಗ್ ಸಾಮಾನು ಮಾರುವವರ ಹತ್ತಿರ ವಿಚಾರಿಸಿ.

ವಾಪಸ್ ಹಾಕುವಾಗ ಟ್ರನಿಯನ್ ಕೊನೆಯವರೆಗೆ ತಿರುಪಿ, ಆಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಲು ಬೇಕಾದಷ್ಟು ಮಾತ್ರ ಹಿಂದಕ್ಕೆ ಬಿಡಿ, ಒಂದು ಸುತ್ತಿಗಿಂತ ಜಾಸ್ತಿ ಬೇಡ. ಖಾಲಿ, ತೊಳೆದ ಗ್ರೀಸ್ ಗನ್‌ಗೆ ಇಪಿ 90 ತುಂಬಿ, ಮೇಲಿನ ಸೀಲ್ ಹತ್ತಿರ ಎಣ್ಣೆ ಕಾಣುವವರೆಗೆ ಒತ್ತಿ. ಆ ಗನ್ ಮೇಲೆ ಪೇಂಟ್‌ನಲ್ಲಿ "ಎಣ್ಣೆ ಮಾತ್ರ" ಎಂದು ಬರೆದಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೀಗೆ ಎಣ್ಣೆ ಕೊಡುತ್ತಿದ್ದರೆ ಟ್ರನಿಯನ್ ಬಹಳ ವರ್ಷ ಬಾಳುತ್ತದೆ. ಎಣ್ಣೆ ಸ್ವಲ್ಪ ಸೋರಿ ಚಕ್ರದ ಬುಡ ಕಪ್ಪಾಗುತ್ತದೆ, ಅದಕ್ಕೆ ಚಿಂತೆ ಬೇಡ.

ಹಳೆಯ ವಿಶ್‌ಬೋನ್ ಬುಷ್‌ಗಳನ್ನೂ ಬದಲಿಸಿದರೆ ಅವುಗಳ ನಟ್ ಕೊನೆಯ ಬಿಗಿ ಕೊಡುವುದು ಕಾರು ನೆಲಕ್ಕಿಳಿದು, ಭಾರ ಚಕ್ರದ ಮೇಲೆ ಬಿದ್ದ ಮೇಲೆ. ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಕೊನೆಗೆ ವೀಲ್ ಅಲೈನ್‌ಮೆಂಟ್. ಕಂಪ್ಯೂಟರ್ ಇರುವ ಅಂಗಡಿಯ ಹುಡುಗರಿಗೆ ಈ ಕಾರು ಹೊಸದು. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಅನ್ನುವುದು) ಹೊಂದಿಸಲು ಟೈ ರಾಡ್ ಇದೆ, ಅದು ಅವರಿಗೆ ಗೊತ್ತು. ಕ್ಯಾಂಬರ್ ಹೊಂದಿಸುವುದು ಕೆಳಗಿನ ವಿಶ್‌ಬೋನ್‌ನ ಒಳ ಬ್ರಾಕೆಟ್ ಮತ್ತು ಚಾಸಿ ನಡುವೆ ಇರುವ ಶಿಮ್‌ಗಳಿಂದ (ತೆಳು ತಗಡಿನ ತುಂಡುಗಳು), ಇದನ್ನು ನೀವೇ ತೋರಿಸಿ. ಬ್ರಾಕೆಟ್ ಬಿಚ್ಚಿದ್ದರೆ ಯಾವ ಬೋಲ್ಟ್‌ನಲ್ಲಿ ಎಷ್ಟು ಶಿಮ್ ಇತ್ತು ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಅಷ್ಟೇ ವಾಪಸ್ ಹೋಗಲಿ. ಕಾರು ನೂರಿನ್ನೂರು ಕಿ.ಮೀ. ಓಡಿದ ಮೇಲೆ ಬಾನೆಟ್ ಮಗುಚಿ ಪಿನ್‌ನ ನಟ್ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಿ. ಮತ್ತೆ ತಿರುಗಿದರೆ ಟೇಪರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಬಿಚ್ಚಿ ಮಾರ್ಕರ್ ಪರೀಕ್ಷೆ ಪುನಃ ಮಾಡಿ.